ಬಾವಿಗೋಡೆಯ ಜರೀಗಿಡ, ನಿಮ್ಮ ಕುಂಡದಲ್ಲಿ
ಮಲೆನಾಡಿನ ಹಳೇ ಬಾವಿಗಳ ಒಳಗೋಡೆ ನೋಡಿದ್ದೀರಾ? ಕಲ್ಲಿನ ಸಂದಿಯಲ್ಲಿ ಕೂದಲೆಳೆಯಂಥ ಕಪ್ಪು ಕಡ್ಡಿ, ಅದರ ತುಂಬ ಪುಟಾಣಿ ಹಸಿರೆಲೆ. ಅದೇ ಮೇಡನ್‌ಹೇರ್ ಜರೀಗಿಡ.

ಮನೆಗೆ ತಂದ್ರೆ ಮೊದಲು ಮಣ್ಣು ನೋಡಿ. ಬರೀ ಕೆಂಪುಮಣ್ಣು ಗಟ್ಟಿಯಾಗಿ ಕೂರುತ್ತೆ; ಈ ಗಿಡದ ಬೇರು ತೀರಾ ನಾಜೂಕು, ಮೇಲ್ಮೇಲೇ ಹರಡುತ್ತೆ. ಹಾಗಾಗಿ ಎರಡು ಪಾಲು ಎಲೆಗೊಬ್ಬರ, ಒಂದೊಂದು ಪಾಲು ತೊಳೆದ ಕೋಕೋಪೀಟ್, ದಪ್ಪ ಮರಳು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು, ಬೆರಳು ತಾಗಿದ್ರೆ ಉದುರಬೇಕು.

ಮಣ್ಣು ಸದಾ ತೇವ ಇರಲಿ, ತಳದಲ್ಲಿ ನೀರು ನಿಲ್ಲೋದು ಬೇಡ. ಸುಡುಬಿಸಿಲು, ಫ್ಯಾನ್ ಗಾಳಿ ಎರಡೂ ಆಗಲ್ಲ.

ಎಲೆಯೆಲ್ಲ ಒಣಗಿದ್ರೂ ದಯವಿಟ್ಟು ಎಸೀಬೇಡಿ. ಕಡ್ಡಿಗಳನ್ನ ಬುಡದವರೆಗೂ ಕತ್ತರಿಸಿ, ತೇವ ಕಾಪಾಡಿ. ಒಳಗಿನ ಗೆಡ್ಡೆ ಬದುಕಿದ್ರೆ ಹೊಸ ಸುರುಳಿ ಬಂದೇ ಬರುತ್ತೆ.

ಕಾಡಿನಿಂದ ಮಾತ್ರ ಕೀಳಬೇಡಿ, ನರ್ಸರಿಯಿಂದ ತನ್ನಿ.