ಎರಡು ಪಂಕಾದ ವಿಮಾನ: ದಾಬೋಲಿಂ ಆಕಾಶದ ಡಾರ್ನಿಯರ್ 228

ನಾನು ಗೋವಾದ ವಾಸ್ಕೊದವಳು. ನಮ್ಮ ಮುತ್ಯಾ ಬಾಗಲಕೋಟೆ ಕಡೆಯಿಂದ ಮುರಗಾಂವ್ ಬಂದರಿನ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತರು. ದಾಬೋಲಿಂ ವಿಮಾನಗಳು ನಮ್ಮ ಮನೆ ಮೇಲೇ ಹಾಯ್ದು ಹೋಗುತ್ತವೆ. ಸಣ್ಣ ಬೂದು ವಿಮಾನ ಗರ್ರ್ ಅಂತ ಹೋದರೆ ಆಯಿ ತಲೆ ಎತ್ತದೇ, "ಎರಡು ಪಂಕಾದ್ದು ಹೊಂಟ್ತು ನೋಡು" ಅನ್ನೋರು. ಅದೇ ನೌಕಾಪಡೆಯ ಡಾರ್ನಿಯರ್ 228. ಮೂಲ ವಿನ್ಯಾಸ ಜರ್ಮನಿಯದು, ಮೊದಲ ಹಾರಾಟ 1981ರಲ್ಲಿ. 1983ರ ಪರವಾನಗಿ ಒಪ್ಪಂದದ ನಂತರ ಎಚ್‌ಎಎಲ್ ಇದನ್ನು ಕಾನ್ಪುರದಲ್ಲಿ ತಯಾರಿಸುತ್ತ ಬಂದಿದೆ.

ನನ್ನ ಪ್ರಶ್ನೆ ಸರಳ: ವೇಗದ ಜೆಟ್‌ಗಳಿರುವಾಗ ಸಮುದ್ರ ಕಾಯಲು ಈ ನಿಧಾನದ ವಿಮಾನ ಯಾಕೆ ಬೇಕು?

ಮೊದಲು ಎತ್ತರದ ಲೆಕ್ಕ ನೋಡೋಣ. ಭೂಮಿ ದುಂಡಗಿರುವುದರಿಂದ, ಹಡಗಿನ ಮೇಲೆ 25 ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ಸುಮಾರು 18 ಕಿ.ಮೀ. ದೂರ. 900 ಮೀಟರ್ ಎತ್ತರದ ವಿಮಾನದಿಂದ ಅದು ಸುಮಾರು 107 ಕಿ.ಮೀ. ಹೊಟ್ಟೆಯಡಿಯ ರಾಡಾರ್ ಸುತ್ತಲೂ ತಿರುಗಿ ಅಷ್ಟನ್ನೂ ಹುಡುಕುತ್ತದೆ.

ಆದರೆ ರಾಡಾರ್ ತೋರಿಸುವುದು ಚುಕ್ಕಿ ಮಾತ್ರ. ಅದು ಮೀನು ಹಿಡಿಯುವವರ ದೋಣಿಯೋ ಬೇರೆಯೋ ಅನ್ನೋದು ಚುಕ್ಕಿಯಿಂದ ಗೊತ್ತಾಗಲ್ಲ. ಮರದ, ಫೈಬರ್‌ನ ದೋಣಿಗಳು ರಾಡಾರ್‌ಗೆ ಸರಿಯಾಗಿ ಸಿಗೋದೂ ಇಲ್ಲ. 2008ರ ನವೆಂಬರ್‌ನಲ್ಲಿ ಮುಂಬೈಗೆ ದಾಳಿಕೋರರು ಬಂದದ್ದು ಅಪಹರಿಸಿದ 'ಕುಬೇರ್' ಎಂಬ ಮೀನುಗಾರಿಕಾ ದೋಣಿಯಲ್ಲಿ. ದೂರದಿಂದ ನೋಡಿದರೆ ಅದೂ ನೂರರಲ್ಲಿ ಒಂದು. ಹಾಗಾಗಿ ಕೆಳಗಿಳಿದು, ಸುತ್ತು ಹಾಕಿ, ಕಣ್ಣಾರೆ ನೋಡಬೇಕಾಗುತ್ತದೆ.

ಅಲ್ಲಿ ಟರ್ಬೊಪ್ರಾಪ್ ಉಪಯೋಗಕ್ಕೆ ಬರುತ್ತದೆ. ಇದರೊಳಗೂ ಜೆಟ್‌ನಂಥದೇ ಟರ್ಬೈನ್ ಇದೆ, ಆದರೆ ಅದರ ಬಹುಪಾಲು ಶಕ್ತಿ ಗೇರ್‌ಪೆಟ್ಟಿಗೆಯ ಮೂಲಕ ಪಂಕಾ ತಿರುಗಿಸಲು ಹೋಗುತ್ತದೆ. ತಗ್ಗಿನಲ್ಲಿ, ಗಂಟೆಗೆ 300–400 ಕಿ.ಮೀ. ವೇಗದಲ್ಲಿ ಇದಕ್ಕೆ ಜೆಟ್‌ಗಿಂತ ಕಡಿಮೆ ಇಂಧನ ಸಾಕು. ಎಂಜಿನ್ ಎರಡಿರುವುದು ಸಮುದ್ರದ ಮೇಲೆ ಒಂದು ಕೈಕೊಟ್ಟರೆ ಇನ್ನೊಂದು ದಡ ಸೇರಿಸಲಿ ಅಂತ. ರೆಕ್ಕೆ ಮೇಲ್ಗಡೆ ಇರೋದರಿಂದ ಕಿಟಕಿಯಿಂದ ಕೆಳಗಿನ ನೀರು ಅಡ್ಡಿಯಿಲ್ಲದೆ ಕಾಣುತ್ತದೆ.

ಇದರೊಳಗೆ ಗಾಳಿಯ ಒತ್ತಡ ಹೆಚ್ಚಿಸುವ ವ್ಯವಸ್ಥೆಯಿಲ್ಲ, ಬಹಳ ಎತ್ತರಕ್ಕೆ ಹೋಗಲಾಗದು. ಇದು ಕೊರತೆಯೇ. ಆದರೆ ಒತ್ತಡ ತಡೆಯಬೇಕಿಲ್ಲದ್ದರಿಂದಲೇ ಒಡಲನ್ನು ಕೊಳವೆಯಂತೆ ದುಂಡಗೆ ಮಾಡದೆ ಪೆಟ್ಟಿಗೆಯಂತೆ ಚೌಕಾಗಿ ಮಾಡಬಹುದಾಯಿತು. ಪ್ರಯಾಣಿಕರ ಮಾದರಿಯಲ್ಲಿ 19 ಸೀಟು. ಅವನ್ನು ತೆಗೆದರೆ ರಾಡಾರ್ ಮೇಜು, ಸ್ಟ್ರೆಚರ್ ಅಥವಾ ಸಾಮಾನು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಗೋವಾದ ಕೋವಿಡ್ ಮಾದರಿಗಳನ್ನು ಪರೀಕ್ಷೆಗೆ ಪುಣೆಗೆ ಒಯ್ದದ್ದೂ ಇದೇ ಜಾತಿಯ ವಿಮಾನ.

ಈ ಕೆಲಸಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. 2015ರ ಮಾರ್ಚ್ 24ರ ರಾತ್ರಿ ಗೋವಾದ ಡಾರ್ನಿಯರೊಂದು ತರಬೇತಿ ಹಾರಾಟದಲ್ಲಿ ಸಮುದ್ರಕ್ಕೆ ಬಿತ್ತು. ಇಬ್ಬರು ಯುವ ಅಧಿಕಾರಿಗಳು ತೀರಿಕೊಂಡರು. ಬದುಕುಳಿದ ಒಬ್ಬರನ್ನು ಮೇಲೆತ್ತಿದ್ದು ಮೀನುಗಾರರ ದೋಣಿ. ಅದೇ ಜೂನ್‌ನಲ್ಲಿ ಚೆನ್ನೈನಿಂದ ಹೊರಟ ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ಮೂವರೊಂದಿಗೆ ಕಣ್ಮರೆಯಾಯಿತು. ಅವಶೇಷ ಸಿಕ್ಕಿದ್ದು ತಿಂಗಳ ಮೇಲೆ. ಮೇಲಿನಿಂದ ಯಾವ ದೋಣಿಗಳನ್ನು ಚುಕ್ಕಿ ಅಂತ ನೋಡ್ತೀವೋ, ಅಂಥದೇ ಒಂದು ಚುಕ್ಕಿ ಆ ಮಾರ್ಚ್ ರಾತ್ರಿ ಒಂದು ಜೀವ ಉಳಿಸಿತು. ಕಾವಲು ಎರಡೂ ಕಡೆಯಿಂದ ಆಗಿದೆ ಅಂತ ನನಗನ್ನಿಸುತ್ತದೆ.

ಚರ್ಚೆಯಲ್ಲಿ ಮೇಷ್ಟ್ರೊಬ್ಬರು, "ಡ್ರೋನ್ ಬಂದ ಮೇಲೂ ಇದು ಬೇಕಾ?" ಎಂದು ಕೇಳಿದರು. ಹೌದು ಸರ್, ಡ್ರೋನ್ ಹೆಚ್ಚು ಹೊತ್ತು ಮೇಲಿರಬಲ್ಲದು. ಪಿ-8ಐ ಜೆಟ್ ಹೆಚ್ಚು ದೂರ ಹೋಗಬಲ್ಲದು, ಅದೂ ಈಗ ಗೋವಾದಲ್ಲಿದೆ. ಆದರೆ ದಡದ ಹತ್ತಿರದ ದಿನನಿತ್ಯದ ಗಸ್ತು, ಮತ್ತೆ ತುರ್ತಿಗೆ ರೋಗಿಯನ್ನು ಕರೆತರುವುದು, ಎರಡನ್ನೂ ಕಡಿಮೆ ಖರ್ಚಿನಲ್ಲಿ ಒಂದೇ ವಿಮಾನ ಮಾಡಬೇಕೆಂದರೆ ಸದ್ಯಕ್ಕೆ ಆಯಿಯ ಎರಡು ಪಂಕಾದ್ದೇ ಬೇಕು.