ರಕ್ತ ಬದಲಿಸಿ ಮಿದುಳು ಉಳಿಸಿದ ವೈದ್ಯ

ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಸುಗೂಸಿನ ಮೈ ಹಳದಿಯಾಗುವುದು ಸಾಮಾನ್ಯ. ಹೆಚ್ಚಿನ ಕೂಸುಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಅದೇ ಹಳದಿ ಮಿದುಳಿಗೇರಿ ಜೀವ ತೆಗೆಯುತ್ತದೆ, ಇಲ್ಲವೇ ಕಿವುಡುತನ, ಅಂಗವೈಕಲ್ಯ ಉಳಿಸಿಹೋಗುತ್ತದೆ. ಈ ಕೇಡನ್ನು ರಕ್ತದಲ್ಲೇ ತಡೆದವರು ಅಮೆರಿಕದ ಬಾಸ್ಟನ್ನಿನ ಮಕ್ಕಳ ತಜ್ಞ ಲೂಯಿ ಡೈಮಂಡ್ (1902-1999).

ನವಜಾತ ಶಿಶುಗಳ ಮೈಊತ, ತೀವ್ರ ಕಾಮಾಲೆ, ರಕ್ತಹೀನತೆ ಒಂದೇ ರೋಗದ ಮೂರು ಮುಖಗಳೆಂದು 1932ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ತೋರಿಸಿದರು. 1940ರಲ್ಲಿ ಆರ್‌ಎಚ್ ಅಂಶ ಪತ್ತೆಯಾದ ಮೇಲೆ ಕಾರಣ ತಿಳಿಯಿತು. ಹಿಂದಿನ ಹೆರಿಗೆಯಲ್ಲಿ ಆರ್‌ಎಚ್ ನೆಗೆಟಿವ್ ತಾಯಿಯೊಳಗೆ ಹುಟ್ಟಿದ ಪ್ರತಿಕಾಯಗಳು, ಮುಂದಿನ ಆರ್‌ಎಚ್ ಪಾಸಿಟಿವ್ ಶಿಶುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅದರಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಎಳೆಯ ಯಕೃತ್ತು ಹೊರಹಾಕಲಾರದು.

1940ರ ದಶಕದ ಕೊನೆಯ ವರ್ಷಗಳಲ್ಲಿ ಡೈಮಂಡ್ ದಾರಿ ಕಂಡುಕೊಂಡರು. ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಪ್ಲಾಸ್ಟಿಕ್ ಕೊಳವೆ ತೂರಿಸಿ, ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ರಕ್ತ ತೆಗೆದು, ಅಷ್ಟೇ ಪ್ರಮಾಣದ ಆರ್‌ಎಚ್ ನೆಗೆಟಿವ್ ರಕ್ತ ತುಂಬಿದರು. ಹಳೆಯ ರಕ್ತದೊಂದಿಗೆ ಪ್ರತಿಕಾಯ, ಬಿಲಿರುಬಿನ್ ಎರಡೂ ಹೊರಬಿದ್ದವು. ಮಿದುಳಿಗೆ ರಕ್ಷಣೆ ದೊರೆಯಿತು.

1968ರಲ್ಲಿ ತಾಯಂದಿರಿಗೆ ಆಂಟಿ-ಡಿ ಚುಚ್ಚುಮದ್ದು ಬಂದ ಮೇಲೆ, ಅದು ಸಿಗುವ ಕಡೆಗಳಲ್ಲಿ ರೋಗವೇ ವಿರಳವಾಯಿತು. ಸಿಗದ ಕಡೆ ಅಪಾಯ ಇಂದಿಗೂ ಇದೆ. ಗರ್ಭಿಣಿಯ ರಕ್ತದ ಗುಂಪನ್ನು ಮೊದಲೇ ಪರೀಕ್ಷಿಸುವುದಕ್ಕೆ ಇದೂ ಒಂದು ಮುಖ್ಯ ಕಾರಣ.