ಆ ಲ್ಯಾಬು ಎಲ್ಲಿದೆ ಮೇಷ್ಟ್ರೇ?

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಬಾಗಲೂರು ಕಡೆಯ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ನಮ್ಮ ಶಾಲೆಗೆ ಬಂದರು. ಆರನೇ ತರಗತಿಗೆ ಸೇರಿಸಬೇಕಿತ್ತು. ಅರ್ಜಿ ಕೈಗೆ ಕೊಡುವ ಮೊದಲೇ ಫೋನು ತೆಗೆದು ಒಂದು ವಿಡಿಯೊ ತೋರಿಸಿದರು. "ಈ ಲ್ಯಾಬು ಎಲ್ಲಿದೆ ಮೇಷ್ಟ್ರೇ? ಇವ್ನು ಅದನ್ನೇ ನೋಡ್ಬೇಕು ಅಂತ ಹಟ ಹಿಡ್ದವ್ನೆ."

ವಿಡಿಯೊ ನಮ್ಮದೇ. ದಾಖಲಾತಿ ಪ್ರಚಾರಕ್ಕೆಂದು ಹಳೆಯ ವಿದ್ಯಾರ್ಥಿಯೊಬ್ಬ ಎಐ ಆ್ಯಪ್‌ನಲ್ಲಿ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟಿದ್ದ. ಬಿಳಿ ಕೋಟು ತೊಟ್ಟ ಮಕ್ಕಳು, ಸಾಲಾಗಿ ಹತ್ತು ಮೈಕ್ರೊಸ್ಕೋಪು, ಹೊಳೆಯುವ ನೆಲ. ನಮ್ಮಲ್ಲಿರುವುದು ಒಂದೇ ಮೈಕ್ರೊಸ್ಕೋಪು. ಈರುಳ್ಳಿ ಪೊರೆಯ ಪಾಠ ಬಂದಾಗ ಬೀರುವಿನಿಂದ ಹೊರಗೆ ಬರುತ್ತದೆ. ನಾನು ಏನೋ ತಡವರಿಸಿದೆ. ಆಕೆ ಜಗಳ ಮಾಡಲಿಲ್ಲ, ಸುಮ್ಮನೆ ನಕ್ಕು "ನಾಳೆ ಬರ್ತೀವಿ" ಅಂದರು. ಬರಲಿಲ್ಲ.

ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ವಿಭಾಗದ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದಲ್ಲೇ ಹಳದಿ ಬಸ್ಸು, ದೊಡ್ಡ ಫ್ಲೆಕ್ಸು. ನಾವೂ ಪ್ರಚಾರ ಮಾಡಲೇಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಎಐ ವಿಡಿಯೊ ಅಗ್ಗ, ಬೇಗ ಆಗುತ್ತದೆ, ನೋಡಲೂ ಚೆಂದ. ಹಾಗಾದರೆ ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು? ವಿಜ್ಞಾನದ ಮೇಷ್ಟ್ರಾದ ನಾವು ಇದಕ್ಕೆ ಉತ್ತರವನ್ನು ಯಂತ್ರ ಕೆಲಸ ಮಾಡುವ ರೀತಿಯಿಂದಲೇ ಹುಡುಕಬಹುದು.

ಕ್ಯಾಮೆರಾದಲ್ಲಿ ಏನಾಗುತ್ತದೆ? ವಸ್ತುವಿನಿಂದ ಹೊರಟ ಬೆಳಕು ಮಸೂರ ದಾಟಿ ಸಂವೇದಕದ ಮೇಲೆ ಬೀಳುತ್ತದೆ. ಅಂದರೆ ಆ ವಸ್ತು ಅಲ್ಲಿ ಇರಲೇಬೇಕು. ಈಗಿನ ಹೆಚ್ಚಿನ ಎಐ ವಿಡಿಯೊ ಯಂತ್ರಗಳ ದಾರಿ ಬೇರೆ. ಅವು ಹಳೆ ಟಿವಿಯ ಚುಕ್ಕೆಚುಕ್ಕೆ ಪರದೆಯಂಥ ಗೊಂದಲದಿಂದ ಆರಂಭಿಸುತ್ತವೆ. ಮೊದಲೇ ಕಲಿತ ಲಕ್ಷಾಂತರ ವಿಡಿಯೊಗಳ ಆಧಾರದ ಮೇಲೆ, ನಾವು ಬರೆದ ವಾಕ್ಯಕ್ಕೆ ಹೊಂದುವ ಹಾಗೆ, ಹಂತ ಹಂತವಾಗಿ ಗೊಂದಲ ಕಡಿಮೆ ಮಾಡುತ್ತ ಚಿತ್ರ ಮೂಡಿಸುತ್ತವೆ. ಅಲ್ಲಿ ಯಾವ ವಸ್ತುವಿನ ಬೆಳಕೂ ಬಿದ್ದಿಲ್ಲ. 'ಶಾಲೆಯ ಲ್ಯಾಬು' ಎಂದರೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಯಂತ್ರ ಊಹಿಸುತ್ತದೆ. ನಮ್ಮ ಲ್ಯಾಬು ಅದಕ್ಕೆ ಗೊತ್ತಿಲ್ಲ.

ಇದಕ್ಕೆ ಹೊಸೂರಿನವರಿಗೆ ಹೇಳಿ ಮಾಡಿಸಿದ ಉದಾಹರಣೆ ಕೈಗಡಿಯಾರ. ಟೈಟಾನ್ ಕಾರ್ಖಾನೆ ಇರುವ ಊರು ನಮ್ಮದು. ಗಡಿಯಾರದ ಜಾಹೀರಾತುಗಳನ್ನು ಗಮನಿಸಿ, ಮುಳ್ಳುಗಳು ಹೆಚ್ಚಾಗಿ 10:10ರಲ್ಲೇ ನಿಂತಿರುತ್ತವೆ. ಕಂಪನಿಯ ಹೆಸರು ಮುಚ್ಚಿಹೋಗಬಾರದು, ಎರಡು ಕಡೆ ಸಮವಾಗಿ ಕಾಣಬೇಕು ಎಂಬುದು ಕಾರಣ. ಎಐ ಯಂತ್ರಗಳು ಕಲಿತದ್ದು ಇಂಥ ಚಿತ್ರಗಳಿಂದ. ಆದ್ದರಿಂದ "6:25 ತೋರಿಸು" ಎಂದರೂ ಅನೇಕ ಸಲ 10:10 ತೋರಿಸಿಬಿಡುತ್ತವೆ. ಹೊಸ ಯಂತ್ರಗಳು ಸುಧಾರಿಸುತ್ತಿವೆ, ಆದರೂ ತರಗತಿಯಲ್ಲಿ ಒಮ್ಮೆ ಮಾಡಿ ನೋಡಿ. ಮಕ್ಕಳಿಗೆ ಭಲೇ ಮಜಾ.

ಮಾವಿನ ಹಣ್ಣಿನ ಜೊತೆಗೂ ಪ್ರಯತ್ನಿಸಿದೆ. ಕೃಷ್ಣಗಿರಿಯ ಪಲ್ಪ್ ಕಾರ್ಖಾನೆಗಳಿಗೆ ಹೋಗುವ ತೋತಾಪುರಿ ನಿಮಗೆ ಗೊತ್ತೇ ಇದೆ. ತುದಿ ಗಿಣಿಯ ಕೊಕ್ಕಿನಂತಿರುವುದಕ್ಕೆ ಅದನ್ನು ಗಿಣಿಮೂತಿ ಅನ್ನುವುದು. ಅದೇ ಹೆಸರು ಹೇಳಿ ಕೇಳಿದರೆ ನನಗೆ ಸಿಕ್ಕಿದ್ದು ದುಂಡನೆಯ, ಕೆಂಪುಕೆನ್ನೆಯ, ಒಂದು ಚುಕ್ಕಿಯೂ ಇಲ್ಲದ ಹಣ್ಣು. ತೋಟದವರು ಆ ವಿಡಿಯೊ ತೋರಿಸಿ ಫೋನಿನಲ್ಲೇ ಬುಕಿಂಗ್ ತೆಗೆದುಕೊಂಡರೆ, ಪೆಟ್ಟಿಗೆ ಬಿಚ್ಚಿದ ಗಿರಾಕಿ ಏನಂತಾನೆ? ಮಾವಿಗೂ ಶಾಲೆಗೂ ಇಲ್ಲಿ ವ್ಯತ್ಯಾಸವಿಲ್ಲ. ನೋಡುವವರು ಚಿತ್ರವನ್ನೇ ಸಾಕ್ಷಿಯಾಗಿ ತೆಗೆದುಕೊಂಡು ದುಡ್ಡು ಕೊಡುವ, ಮಗುವನ್ನು ಸೇರಿಸುವ ಜಾಗದಲ್ಲಿ ಎಐ ಚಿತ್ರ ಬರಬಾರದು. ಕೊಠಡಿ, ಹಣ್ಣು, ಊಟ, ಪಾಸಾದ ಮಕ್ಕಳು, ಇವು ಕ್ಯಾಮೆರಾದಿಂದಲೇ ಬರಲಿ. ಮಂಕಾಗಿದ್ದರೂ ಪರವಾಗಿಲ್ಲ.

ಮುಖ ಮತ್ತು ದನಿಯ ವಿಷಯ ಇನ್ನೂ ಸೂಕ್ಷ್ಮ. 2021ರ ದೀಪಾವಳಿಗೆ ಕ್ಯಾಡ್‌ಬರಿ ಒಂದು ಜಾಹೀರಾತು ಮಾಡಿತು. ಶಾರುಖ್ ಖಾನ್ ನಿಮ್ಮ ಬೀದಿಯ ಅಂಗಡಿಯ ಹೆಸರು ಹೇಳಿ, ಅಲ್ಲಿ ಕೊಂಡುಕೊಳ್ಳಿ ಅನ್ನುತ್ತಾರೆ. ಅವರು ಅಷ್ಟೂ ಅಂಗಡಿಗಳ ಹೆಸರು ಕೂತು ಹೇಳಿದ್ದಲ್ಲ, ಹೆಸರಿನ ಭಾಗದ ಮುಖ ಮತ್ತು ದನಿ ಯಂತ್ರದ್ದು. ಅದರ ತಂತ್ರಜ್ಞಾನ ಬೆಂಗಳೂರಿನ ರಿಫ್ರೇಸ್ ಎಂಬ ಕಂಪನಿಯದು. ನಟನ ಒಪ್ಪಿಗೆ ಇತ್ತು, ಅದು ಯಂತ್ರದ ಕೆಲಸವೆಂದು ಕಂಪನಿಯೇ ಹೇಳಿಕೊಂಡಿತ್ತು, ಅಂಗಡಿಯೂ ನಿಜವಾಗಿ ಆ ಬೀದಿಯಲ್ಲಿತ್ತು.

ಇದೇ ಬಗೆಯ ತಂತ್ರವನ್ನು ತಿರುಗಿಸಿ ಬಳಸಿದರೆ? 2023ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್ ನಾರಾಯಣ ಮೂರ್ತಿಯವರೇ ಮುಂದೆ ಬಂದು, ಷೇರು ವಹಿವಾಟಿನ ಆ್ಯಪ್‌ಗಳನ್ನು ಹೊಗಳುವ ಆ ವಿಡಿಯೊಗಳು ನನ್ನವಲ್ಲ, ನಂಬಬೇಡಿ ಎಂದು ಹೇಳಬೇಕಾಯಿತು. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಅವರಿಗೂ ಅದೇ ಪಾಡು. ನಂಬಿ ಲಕ್ಷಗಟ್ಟಲೆ ಕಳೆದುಕೊಂಡವರು ಬೆಂಗಳೂರಿನಲ್ಲೇ ಇದ್ದಾರೆ. (ಯಾರಿಗಾದರೂ ಹೀಗಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಲು ಹೇಳಿ, ಸಮಯ ಹೋದಷ್ಟೂ ದುಡ್ಡು ಹಿಂದಕ್ಕೆ ಬರುವುದು ಕಷ್ಟ.)

ನಾವೇನು ತೆಂಡೂಲ್ಕರ್ ಮುಖ ಹಾಕೋದಿಲ್ಲ ಬಿಡಿ ಅಂತೀರಿ. ಆದರೆ ನಮ್ಮ ಮಕ್ಕಳ ಫೋಟೊ ಹಾಕುತ್ತೇವೆ. ಶಾಲಾ ವಾರ್ಷಿಕೋತ್ಸವದ ಫೋಟೊವನ್ನು ಆ್ಯಪ್‌ಗೆ ಏರಿಸಿ ಮಗು ಮಾತಾಡುವಂತೆ ಮಾಡುವುದು ಈಗ ಎರಡು ನಿಮಿಷದ ಕೆಲಸ. ಆ ಫೋಟೊ ಎಲ್ಲಿಗೆ ಹೋಯಿತು, ಮುಂದೆ ಏನಾಗುತ್ತದೆ, ನಮಗೆ ತಿಳಿಯುವುದಿಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಒಪ್ಪಿಗೆ ಸಿಕ್ಕರೂ, ಮಗು ಆಡದ ಮಾತನ್ನು ಅದರ ಬಾಯಲ್ಲಿ ಆಡಿಸುವುದು ನನಗೆ ಸರಿ ಕಾಣುವುದಿಲ್ಲ.

ಕಾಯ್ದೆಯ ಮಾತು ಬಂತಲ್ಲ, ಇನ್ನೂ ಎರಡು ತಿಳಿದಿರಲಿ. ನಾವು ಆ ವಿಡಿಯೊ ಮಾಡಿದಾಗ ಇಲ್ಲದಿದ್ದ ಒಂದು ನಿಯಮ ಈಗ ಬಂದಿದೆ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿಯ ಪ್ರಕಾರ, ನಿಜವೆಂದೇ ತೋರುವ ಕೃತಕ ವಿಡಿಯೊಗೆ ಎದ್ದು ಕಾಣುವ ಗುರುತು ಇರಬೇಕು. ದೊಡ್ಡ ಜಾಲತಾಣಗಳು ವಿಡಿಯೊ ಹಾಕುವವರಿಂದಲೇ ಘೋಷಣೆ ಪಡೆಯಬೇಕು. ಇನ್ನೊಂದು, 2019ರ ಗ್ರಾಹಕ ರಕ್ಷಣಾ ಕಾಯ್ದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಇಲ್ಲದ ಹತ್ತು ಮೈಕ್ರೊಸ್ಕೋಪು ತೋರಿಸಿ ಮೂಲೆಯಲ್ಲಿ 'ಎಐ' ಎಂದು ಬರೆದರೆ ಸುಳ್ಳು ನಿಜವಾಗಿಬಿಡುವುದಿಲ್ಲ, ಇದನ್ನೂ ನೆನಪಿಡಿ.

ಹಾಗಾದರೆ ಎಐ ಯಾತಕ್ಕೆ? ಕ್ಯಾಮೆರಾ ಹೋಗಲಾರದ ಕಡೆಗೆ. ಈ ಸಲ ನಾವು ಹೊಸ ವಿಡಿಯೊ ಮಾಡಿದೆವು. ನಮ್ಮ ಒಂಟಿ ಮೈಕ್ರೊಸ್ಕೋಪನ್ನೇ ಜಗುಲಿಯ ಬಿಸಿಲಿಗೆ ತಂದಿಟ್ಟು, ಹುಡುಗಿಯೊಬ್ಬಳು ಈರುಳ್ಳಿ ಪೊರೆ ಸುಲಿದು ಗಾಜಿನ ಮೇಲಿಡುವುದನ್ನು ಅವಳ ಹೆತ್ತವರ ಸಹಿ ಪಡೆದು ಫೋನಿನಲ್ಲಿ ತೆಗೆದೆವು. ಅವಳು ಕಣ್ಣಿಟ್ಟು ನೋಡಿದ ಮೇಲೆ ಬರುವ ಎಂಟು ಸೆಕೆಂಡು, ಜೀವಕೋಶದ ಒಳಗೆ ಹೊಕ್ಕು ಕೋಶಕೇಂದ್ರದ ಸುತ್ತ ಓಡಾಡುವ ದೃಶ್ಯ, ಎಐ ಮಾಡಿದ್ದು. ಅದನ್ನೂ ಪಠ್ಯಪುಸ್ತಕದ ಚಿತ್ರದ ಜೊತೆ ಹೋಲಿಸಿ ನೋಡಿದೆವು. ಮೊದಲ ಸಲ ಯಂತ್ರ ಈರುಳ್ಳಿ ಕೋಶದೊಳಗೆ ಹಸಿರು ಹರಿತ್ತು ತುಂಬಿಬಿಟ್ಟಿತ್ತು! ತಿದ್ದಲು ನಾಲ್ಕು ಸಲ ಮಾಡಿಸಬೇಕಾಯಿತು.

ಗುರುತು ಹಾಕುವುದೇ ಒಂದು ಪ್ರಯೋಗವಾಯಿತು. ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆದರೆ ಪ್ರಯೋಜನವಿಲ್ಲ, ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟುವಷ್ಟರಲ್ಲಿ ಅದು ಉದುರಿಹೋಗಿರುತ್ತದೆ. ಆದ್ದರಿಂದ ಚಿತ್ರದ ಮೇಲೇ 'ಇದು ಎಐ ಚಿತ್ರ' ಎಂದು ಬರೆದೆವು. ಏಳನೇ ತರಗತಿಯ ಮಕ್ಕಳು ಅದನ್ನು ಮನೆಗೆ ಒಯ್ದು, ಬಿಸಿಲಲ್ಲಿ ನಿಂತು, ಅಜ್ಜ ಅಜ್ಜಿಯರಿಗೆ ತೋರಿಸಿ ಬಂದರು. ಬಿಳಿ ಅಕ್ಷರ ಯಾರಿಗೂ ಕಂಡಿರಲಿಲ್ಲ. ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರ ಮಾಡಿದೆವು. ಮರುದಿನ ಒಬ್ಬ ಹುಡುಗ, "ಸಾರ್, ನಮ್ಮಜ್ಜಿಗೆ ತೆಲುಗು ಮಾತಾಡಕ್ಕೆ ಬರುತ್ತೆ, ಕನ್ನಡ ಅರ್ಥ ಆಗುತ್ತೆ, ಯಾವ್ದೂ ಓದಕ್ ಬರಲ್ಲ" ಅಂದ. ಈಗ ಆ ಎಂಟು ಸೆಕೆಂಡಿಗೆ ಮೊದಲು ಅವನದೇ ದನಿ ಬರುತ್ತದೆ: "ಇದು ಕಂಪ್ಯೂಟರ್ ಬರೆದ ಚಿತ್ರ, ಅಜ್ಜಿ."